ಏಳನೇ ಪೆಟ್ಟಿಗೆಗೆ ಹೊಕ್ಕ ಗಾಳಿ

ಪರದೆ ಕಪ್ಪಾಯಿತು.

ಒಂದು ಕ್ಷಣದ ಹಿಂದೆ ಹಪ್ಸಾರಿಯ ಬಿಲ್ಲುಗಾರ್ತಿ ಸೇತುವೆಯ ಮೇಲೆ ನಿಂತು ಗುರಿ ಹಿಡಿದಿದ್ದಳು. ಈಗ ಸೇತುವೆಯೂ ಇಲ್ಲ, ಬಿಲ್ಲೂ ಇಲ್ಲ. ಹೆಡ್‌ಫೋನಿನಲ್ಲಿ ಮಾತ್ರ ಯುದ್ಧ ಇನ್ನೂ ನಡೆಯುತ್ತಿತ್ತು. ಮೇಜಿನ ಕೆಳಗಿದ್ದ ಏಳನೇ ಕಂಪ್ಯೂಟರ್ ಪೆಟ್ಟಿಗೆಯ ಫ್ಯಾನುಗಳು ಒಮ್ಮೆಲೇ ಬೊಬ್ಬೆ ಹೊಡೆದವು. ಆಮೇಲೆ ಸದ್ದೂ ನಿಂತು, ಯಂತ್ರ ಏನೂ ಆಗಿಲ್ಲವೆಂಬಂತೆ ತನ್ನಷ್ಟಕ್ಕೆ ತಾನೇ ಮತ್ತೆ ಶುರುವಾಯಿತು.

ಹಪ್ಸಾರಿ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಹಾಕಿ, ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಮಡಿಲ ಮೇಲಿದ್ದ ಕಂದು ಬತಿಕ್ ಬಟ್ಟೆ ಕಾಲಡಿಗೆ ಬಿತ್ತು. ಅವಳ ಸೋದರತ್ತೆ ಬುಡೆ ತುಮಿನಾ ಎಲ್ಲಿದ್ದಳೋ ಬಂದು, ಬಗ್ಗಿ ಬಟ್ಟೆ ಎತ್ತಿ, ಕೊಡವಿ, ಮಡಿಸಿ, ಚಹಾದ ಖಾಲಿ ಲೋಟದ ಜೊತೆ ಒಳಗೆ ಒಯ್ದಳು.

"ನೋಡಿದ್ರಲ್ಲ ಬು? ಈಗಾದ್ರೂ ನಂಬ್ತೀರಾ?" ಅಂದಳು ಹಪ್ಸಾರಿ.

"ನಂಬಿದ್ದೆ ಕಣೇ. ನೋಡಿರ್ಲಿಲ್ಲ, ಅಷ್ಟೆ," ಎಂದಳು ಸುಕೇಸಿ. ಗಂಟೆ ಮೂರು ಹತ್ತು. ಹದಿನೆಂಟು ದಿನಗಳಲ್ಲಿ ಇದು ಹತ್ತನೇ ಸಾವು. ಆದರೆ ಅವಳ ಕಣ್ಣೆದುರೇ ನಡೆದದ್ದು ಇದೇ ಮೊದಲು. ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಎದುರಿಗಿದ್ದ ಹುಡುಗಿಯ ಮುಖ ನೋಡಿ ಅದನ್ನು ಅಡಗಿಸಿಕೊಂಡಳು.

ಸುಕೇಸಿಗೆ ಐವತ್ತೆರಡು, ಹಿರಿಯ ಹೆಂಗಸರನ್ನು 'ಬು', ಗಂಡಸರನ್ನು 'ಪಾಕ್' ಎಂದು ಕರೆಯುವ ಜಾವಾದಲ್ಲಿ ಅವಳು ಎಲ್ಲರಿಗೂ ಬು. ಇಪ್ಪತ್ತು ವರ್ಷ ಕ್ಲಾತೆನ್ ಪೇಟೆಯಲ್ಲಿ ದಪ್ಪ ಟೀವಿಗಳ ಹೊಟ್ಟೆ ಬಗೆದವಳು. ಟೀವಿಗಳು ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ, ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳಿಗೆ ಕೈ ಹಾಕಿದ್ದಳು. ಅವಳ ನಿಯಮ ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಆಮೇಲೆ ಕಾದು ನೋಡು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಂತ್ರ ಸರಿಹೋಗಬಹುದು, ಯಾಕೆ ಸರಿಹೋಯಿತೆಂದು ಮಾತ್ರ ಸಾಯುವವರೆಗೂ ಗೊತ್ತಾಗುವುದಿಲ್ಲ. ಗೊತ್ತಾಗದೆ ಇರುವುದನ್ನು ಅವಳು ಹಲ್ಲುನೋವಿಗಿಂತ ಹೆಚ್ಚು ದ್ವೇಷಿಸುತ್ತಿದ್ದಳು.

ಈ ಆಟದಂಗಡಿಯ ಹತ್ತು ಪೆಟ್ಟಿಗೆಗಳಿಗೂ ಹೊಸ ಕಾರ್ಡು ಕೂರಿಸಿದವನು ಜತ್ಮಿಕೊ. ಹಪ್ಸಾರಿಯನ್ನು ಮದುವೆಯಾಗಬೇಕಾದವನೂ ಅವನೇ. ಎಲ್ಲೋ ಹಗಲೂ ರಾತ್ರಿ ದುಡಿಸಿ ಸುಟ್ಟ ಹಳೇ ಕಾರ್ಡುಗಳನ್ನು ಹೊಸ ಡಬ್ಬಿಯಲ್ಲಿ ತಂದು ಮೋಸ ಮಾಡಿದ್ದಾನೆ ಎನ್ನುವುದು ಅಂಗಡಿಯ ಯಜಮಾನ, ಹುಡುಗಿಯ ಅಪ್ಪ ಪಾಕ್ ಸಸ್ತ್ರೊನ ಆರೋಪ. ನಾಳೆ ಗುರುವಾರ ಮಧ್ಯಾಹ್ನದೊಳಗೆ ಈ ಕಳಂಕ ತೊಳೆಯದಿದ್ದರೆ, ಗಂಡಿನ ಕಡೆಯಿಂದ ಬಂದ ನಿಶ್ಚಿತಾರ್ಥದ ತಟ್ಟೆಗಳು ವಾಪಸು ಹೋಗುತ್ತವೆ. ತಟ್ಟೆ ವಾಪಸಾಯಿತೆಂದರೆ ಮದುವೆ ಮುರಿಯಿತು ಎಂದೇ ಲೆಕ್ಕ. ಅದಕ್ಕೇ ಹಪ್ಸಾರಿ ಸುಕೇಸಿಯನ್ನು ಕರೆಸಿದ್ದಳು.

ಸುಕೇಸಿ ಮೂರನೇ ಪೆಟ್ಟಿಗೆಯತ್ತ ತಿರುಗಿದಳು. ಅಲ್ಲಿ ರಜೆಯ ಮೇಲಿದ್ದ ಲಾರಿ ಚಾಲಕನೊಬ್ಬ, ರಜೆಯಲ್ಲೂ ಲಾರಿಯನ್ನೇ ಓಡಿಸುವ ಆಟದಲ್ಲಿ ಮುಳುಗಿದ್ದ. ಮಧ್ಯಾಹ್ನ ಒಂದರಿಂದ ಓಡಿಸುತ್ತಿದ್ದಾನಂತೆ, ಪರದೆ ಒಮ್ಮೆಯೂ ಮಿಟುಕಿಸಿಲ್ಲವಂತೆ.

ಅದೇ ಅವಳ ಗುಟ್ಟು. ನಿನ್ನೆ ಸಂಜೆ, ಯಾರಿಗೂ ಹೇಳದೆ, ಏಳರ ಕಾರ್ಡನ್ನು ಮೂರಕ್ಕೂ ಮೂರರದನ್ನು ಏಳಕ್ಕೂ ಹಾಕಿದ್ದಳು. ಕಾರ್ಡು ಕೆಟ್ಟದ್ದಾಗಿದ್ದರೆ ಇವತ್ತು ಮೂರನೇ ಪೆಟ್ಟಿಗೆ ಸಾಯಬೇಕಿತ್ತು. ಸತ್ತಿದ್ದು ಮತ್ತೆ ಏಳು. ಹೋದ ವಾರವೇ ಸಾಫ್ಟ್‌ವೇರ್ ಪೂರ್ತಿ ಅಳಿಸಿ ಹೊಸದಾಗಿ ತುಂಬಿದ್ದಳು. ವಿದ್ಯುತ್ ಕೊಡುವ ಡಬ್ಬಿಯನ್ನೂ ತಂತಿಗಳನ್ನೂ ಬೇರೆ ಹಾಕಿದ್ದಳು. ಒಂದೊಂದಾಗಿ ಎಲ್ಲವನ್ನೂ ಬದಲಾಯಿಸಿ ಆಗಿತ್ತು. ಬದಲಾಗದೆ ಉಳಿದಿದ್ದು ಎರಡೇ, ಪೆಟ್ಟಿಗೆ ಕೂತ ಜಾಗ ಮತ್ತು ಅದರ ಮುಂದೆ ಕೂರುವವಳು.

ಒಳಮನೆಯ ಪರದೆ ಸರಿಸಿ ಪಾಕ್ ಸಸ್ತ್ರೊ ಬಂದ, ಕೈಯಲ್ಲಿ ಕೆಂಪು ಪೆನ್ಸಿಲ್ಲು. ಮದುವೆಮನೆಗಳಲ್ಲಿ ಮೈಕಿನ ಮುಂದೆ ನಿಂತು, ಅರಮನೆಯ ಕಾಲದ ಜಾವಾ ಮಾತಿನಲ್ಲಿ ವಧೂವರರನ್ನು ಮಂಟಪಕ್ಕೆ ಕರೆತರುವುದು ಅವನ ನಿಜವಾದ ವೃತ್ತಿ. ಆಟದಂಗಡಿ ಹೆಂಡತಿ ಇದ್ದಾಗ ಶುರುವಾದದ್ದು. ಅವನ ನಾಲಿಗೆಯ ನಯಕ್ಕೆ ಅರಮನೆಯಿರುವ ಸೊಲೊ ಪಟ್ಟಣದವರೂ ತಲೆದೂಗುತ್ತಿದ್ದರು. ಮೀನು ಕದಿಯುವ ಬೆಕ್ಕನ್ನು ಓಡಿಸುವಾಗಲೂ 'ತಾವು' ಅನ್ನುತ್ತಾನೆಂದು ಬೀದಿಯವರ ತಮಾಷೆ.

"ಬು ಸುಕೇಸಿಯವರು ಪ್ರತ್ಯಕ್ಷವಾಗಿ ಕಂಡಿರಷ್ಟೆ. ಇಂದೂ ಕ್ಲಿವೊನ್ ದಿನ," ಎಂದು ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಹತ್ತನೇ ಕೆಂಪು ಗೀಟು ಹಾಕಿದ. ಐದು ದಿನಕ್ಕೊಮ್ಮೆ ಬರುವ ಕ್ಲಿವೊನ್ ದೆವ್ವಗಳ ದಿನ ಎಂಬುದು ಈ ಕಡೆಯ ಮಕ್ಕಳಿಗೂ ಗೊತ್ತು.

"ದೆವ್ವದ ಕೆಲಸ ಆದ್ರೆ ಅಳಿಯನ ತಪ್ಪೇನು ಪಾಕ್?"

"ಅಶುಚಿಯಾದ ಕೈ ಮುಟ್ಟಿದ ಕಡೆಯಲ್ಲೇ ಅಂಥವು ನೆಲೆಸುವುದು. ಅಳಿಯ ಎಂಬ ಮಾತು ನಾಳೆಯ ಮಧ್ಯಾಹ್ನದವರೆಗೆ ಬೇಡವೆಂದು ನನ್ನ ಬಿನ್ನಹ."

ಸುಕೇಸಿ ಕ್ಯಾಲೆಂಡರಿನ ಹತ್ತಿರ ಹೋಗಿ ಕನ್ನಡಕ ಏರಿಸಿಕೊಂಡಳು. ಹತ್ತು ಗೀಟುಗಳಲ್ಲಿ ಕ್ಲಿವೊನ್ ದಿನದವು ಮೂರೇ. ಅವುಗಳ ಕೆಳಗೆ ಮಾತ್ರ ಯಜಮಾನ ಅಡಿಗೆರೆ ಎಳೆದಿದ್ದ. ಉಳಿದ ಏಳರ ಬಗ್ಗೆ ಅವನಿಗೆ ಆಸಕ್ತಿ ಇರಲಿಲ್ಲ. ಅವಳಿಗಿತ್ತು.

ಮಂಗಳವಾರ, ಬುಧವಾರ, ಶುಕ್ರವಾರ, ಶನಿವಾರ. ಗೀಟುಗಳು ಮೇಲಿಂದ ಕೆಳಗೆ ಕಂಬ ನಿಂತಂತೆ ನಿಂತಿದ್ದವು. ಭಾನುವಾರ ಅಂಗಡಿಗೆ ರಜೆ. ಸೋಮವಾರ ಮತ್ತು ಗುರುವಾರದ ಸಾಲು ಮಾತ್ರ ಒಂದೂ ಕಲೆಯಿಲ್ಲದೆ ಬೆಳ್ಳಗಿತ್ತು.

ಸೋಮವಾರ, ಗುರುವಾರ ಆಡುವುದಿಲ್ಲವೇ ಎಂದು ಹಪ್ಸಾರಿಯನ್ನು ಕೇಳಿದಳು. ಭಾನುವಾರ ಬಿಟ್ಟು ದಿನಾ ಎರಡರಿಂದ ಐದರವರೆಗೆ ಇದೇ ಕುರ್ಚಿ, ಇದೇ ಆಟ, ಇದೇ ತಂಡ ಎಂದು ಉತ್ತರ ಬಂತು. ಆ ಎರಡು ದಿನ ಪೆಟ್ಟಿಗೆ ಮಗುವಿನ ಹಾಗೆ ಸುಮ್ಮನಿರುತ್ತಂತೆ.

ವಾರದ ದಿನಗಳನ್ನು ಎಣಿಸುವ ಗ್ರಾಫಿಕ್ಸ್ ಕಾರ್ಡನ್ನು ಸುಕೇಸಿ ಇದುವರೆಗೆ ಕಂಡಿರಲಿಲ್ಲ. ದಿನ ಎಣಿಸುವುದು ಮನುಷ್ಯರು. ಹಾಗಾದರೆ ಇದು ಮನುಷ್ಯರ ಕೆಲಸ, ಎಂದುಕೊಂಡಳು. ಬೆನ್ನು ನೆಟ್ಟಗಾಯಿತು.

ಜೇಬಿನಿಂದ ಹುರಿದ ಕಡಲೆಕಾಯಿ ತೆಗೆದು ಬಾಯಿಗೆ ಹಾಕಿಕೊಂಡು, ಏಳನೇ ಪೆಟ್ಟಿಗೆಯಲ್ಲಿ ತಾನು ಬೆಳಿಗ್ಗೆಯೇ ಬಚ್ಚಿಟ್ಟಿದ್ದ ಪುಟ್ಟ ಕಡತವನ್ನು ತೆರೆದಳು. ಕಾರ್ಡಿನ ಬಿಸಿಯನ್ನು ಕ್ಷಣಕ್ಷಣಕ್ಕೂ ಬರೆದಿಡುವ ಕಡತ ಅದು. ಸತ್ತವರು ಮಾತಾಡುವುದಿಲ್ಲ, ಆದರೆ ಯಂತ್ರಗಳಿಗೆ ಸಾಯುವ ಮುಂಚೆ ಬರೆದಿಡುವ ಒಳ್ಳೆಯ ಅಭ್ಯಾಸವಿದೆ.

ಎರಡು ಗಂಟೆಯಿಂದ ಎರಡು ನಲವತ್ತಾರರವರೆಗೆ ಎಪ್ಪತ್ತೊಂದು ಡಿಗ್ರಿ. ಏರಿಲ್ಲ, ಇಳಿದಿಲ್ಲ. ಎರಡು ನಲವತ್ತೇಳಕ್ಕೆ ಎಪ್ಪತ್ತನಾಲ್ಕು. ನಲವತ್ತೊಂಬತ್ತಕ್ಕೆ ಎಂಬತ್ತು. ಅಲ್ಲಿಂದ ಮೆಟ್ಟಿಲು ಹತ್ತಿದಂತೆ ಹತ್ತುತ್ತ ಹೋಗಿ, ಮೂರು ಹತ್ತಕ್ಕೆ ನೂರ ಒಂಬತ್ತು. ಆಮೇಲೆ ಖಾಲಿ.

ಕಾರ್ಡು ತಾನಾಗಿ ಕೆಟ್ಟಿದ್ದರೆ ಶುರುವಿನಿಂದಲೇ ನರಳುತ್ತಿತ್ತು. ಇಲ್ಲಿ ನಲವತ್ತಾರು ನಿಮಿಷ ಆರಾಮಾಗಿದ್ದದ್ದರ ಕುತ್ತಿಗೆಯನ್ನು ಯಾರೋ ಹಿಸುಕಿದ ಹಾಗಿದೆ. ಬೆಳಿಗ್ಗೆ ಹೋಗಿದ್ದ ಸುಕೇಸಿ ಅಂಗಡಿಗೆ ಮತ್ತೆ ಬಂದದ್ದು ಮೂರಕ್ಕೆ. ಎರಡು ನಲವತ್ತೇಳಕ್ಕೆ ಏನಾಯಿತು?

ಅವಳು ಮೊದಲು ಹೋದದ್ದು ಜತ್ಮಿಕೊನ ಬಳಿಗೆ.

ಅವನು ಅಂಗಡಿಯ ಹೊರಗೆ, ಬಾದಾಮಿ ಮರದ ಕೆಳಗಿನ ಬೆಂಚಿನ ಮೇಲೆ ಕೂತಿದ್ದ. ಒಳಗೆ ಯಂತ್ರ ಮುಟ್ಟುವ ಹಾಗಿಲ್ಲವೆಂದು ಯಜಮಾನನ ಅಪ್ಪಣೆಯಾಗಿತ್ತು. ಆದರೂ ದಿನಾ ಬಂದು ಕೂರುತ್ತಿದ್ದ. ಅಂಗಡಿಯ ಸ್ಪೀಕರಿಗೆ ಹಾಡು ಹೋಗುತ್ತಿದ್ದುದು ಇವತ್ತಿಗೂ ಅವನ ಫೋನಿನಿಂದಲೇ. ಫೋನು ಹಗಲೆಲ್ಲ ಕೌಂಟರಿನ ಮೇಲೆ, ಬೀಗವಿಲ್ಲದೆ ಬಿದ್ದಿರುತ್ತಿತ್ತು. ಯಾರಿಗೆ ಯಾವ ಹಾಡು ಬೇಕೋ ಒತ್ತಿಕೊಳ್ಳುತ್ತಿದ್ದರು.

ಅವನ ಹೆಸರಿಗೆ ಜಾವಾ ಮಾತಿನಲ್ಲಿ ವಿನಯವಂತ ಎಂದರ್ಥ. ಹೆಸರಿಟ್ಟ ಅಪ್ಪ ಅಮ್ಮ ಇಲ್ಲಿಯವರೇ, ಆದರೆ ಹೊಟ್ಟೆಪಾಡಿಗೆ ಕಡಲು ದಾಟಿ ಬಾಲಿಕ್‌ಪಾಪನ್ ಬಂದರಿಗೆ ಹೋದವರು. ಹುಡುಗ ಅಲ್ಲಿಯ ಹಡಗುಕಟ್ಟೆಯಲ್ಲಿ ಬೆಳೆದು, ಜಾವಾ ಮಾತಿನಲ್ಲಿ ಗೆಳೆಯರನ್ನು ಬೈಯುವಷ್ಟು ಮಾತ್ರ ಕಲಿತಿದ್ದ. ಹಿರಿಯರ ಮುಂದೆ ಆಡುವ ಮಾತೇ ಬೇರೆ. ತಿನ್ನುವುದಕ್ಕೆ ಬೇರೆ ಪದ, ಮಲಗುವುದಕ್ಕೆ ಬೇರೆ, ಮನೆಗೆ ಬೇರೆ. ಅದು ಅವನ ಬಾಯಿಗೆ ಹತ್ತಿರಲಿಲ್ಲ. ನಿಶ್ಚಿತಾರ್ಥದ ದಿನ, ನಲವತ್ತು ಜನರ ಎದುರಿಗೆ, ಭಾವೀ ಮಾವನನ್ನು ಪ್ರೀತಿಯಿಂದಲೇ 'ನೀನು ತಿಂದ್ಯಾ?' ಎಂದು ಕೇಳಿಬಿಟ್ಟಿದ್ದ. ಚಾಪೆಯ ಮೇಲೆ ಕೂತಿದ್ದ ಮುದುಕರು ತಲೆ ಎತ್ತಲಿಲ್ಲವಂತೆ.

ಸುಕೇಸಿ ಪಕ್ಕದಲ್ಲಿ ಕೂತು ಕಡಲೆಕಾಯಿ ಮುಂದೆ ಹಿಡಿದಳು. ಅವನು ಎರಡು ತೆಗೆದುಕೊಂಡ.

"ಒಂದು ಮಾತು ಕೇಳ್ಲಾ? ಕಳ್ಳ ಅಂತಿದಾರೆ ನಿನ್ನ. ನೀನು ಒಂದು ಸಲಾನೂ ಇಲ್ಲ ಅಂದಿಲ್ಲ. ಯಾಕೆ?"

ಜತ್ಮಿಕೊ ಸಿಪ್ಪೆಯನ್ನು ಬೆರಳಲ್ಲಿ ಪುಡಿಮಾಡುತ್ತ ಕೂತ. "ಇಲ್ಲ ಅನ್ನೋಕೂ ದೊಡ್ಡವರ ಮುಂದೆ ಬೇರೆ ಪದ ಇದೆಯಂತೆ ಬು. ಬಾಯಿ ತೆಗೆದ್ರೆ ಇನ್ನೊಂದು ತಪ್ಪು ಬೀಳತ್ತೆ. ಅದಕ್ಕೆ ಸುಮ್ನಿದ್ದೆ."

ಸುಕೇಸಿಗೆ ನಗು ಬಂತು, ಜೊತೆಗೆ ಬೇಸರವೂ ಆಯಿತು. ಆದರೆ ಮರುಕಕ್ಕೆ ಮಣಿದು ತನಿಖೆ ನಿಲ್ಲಿಸುವ ಹೆಂಗಸಲ್ಲ ಅವಳು. ಸುಮ್ಮನಿರುವುದು ಸಂಕೋಚಕ್ಕೂ ಆಗಬಹುದು, ತಪ್ಪಿಗೂ ಆಗಬಹುದು. ಈ ಹುಡುಗನಿಗೆ ಮದುವೆ ಬೇಡವಾಗಿದ್ದರೆ? ಬೇಡ ಎಂದು ಹೇಳಲು ಪದ ಸಿಗದೆ, ತಾನೇ ಕಳ್ಳನಾಗಿ ತಪ್ಪಿಸಿಕೊಳ್ಳುತ್ತಿದ್ದರೆ? ಆ ಅನುಮಾನವನ್ನು ಅವಳು ಮಡಿಸಿ ಪಕ್ಕಕ್ಕಿಟ್ಟುಕೊಂಡಳು.

ಕಾರ್ಡು ಕೂರಿಸುವಾಗ ಏನೇನು ಮಾಡಿದೆ ಎಂದು ಕೇಳಿದಳು. ಆ ಮಾತಿಗೆ ಅವನ ನಾಲಿಗೆ ತಾನಾಗಿ ಸಡಿಲವಾಯಿತು. ಧೂಳು ಊದಿದ್ದು, ಪ್ರತಿ ಕಾರ್ಡಿಗೂ ಬೇರೆ ಬೇರೆ ತಂತಿ ಎಳೆದದ್ದು, ಕಾರ್ಡು ಜೋತು ಬೀಳದಂತೆ ಆಸರೆ ಕೊಟ್ಟದ್ದು. ಕೊನೆಗೆ ಹತ್ತೂ ಪೆಟ್ಟಿಗೆಗಳ ಮುಂಭಾಗಕ್ಕೆ 'ಇಲ್ಲಿ ಗಾಳಿ ಹೊಗುತ್ತದೆ' ಎಂದು ಬರೆದು ಚೀಟಿ ಅಂಟಿಸಿದ್ದನಂತೆ. ಯಾರೂ ಅಲ್ಲಿ ಚೀಲ, ಚಪ್ಪಲಿ ಒತ್ತರಿಸದಿರಲಿ ಎಂದು.

ಮಾತಿನ ಮಧ್ಯೆ ಬುಡೆ ತುಮಿನಾ ಹಿಟ್ಟಿನಲ್ಲಿ ಅದ್ದಿದ ಸೋಯಾ ಬಿಲ್ಲೆಯ ಬಜ್ಜಿ, ಬಿಸಿ ಮೆಂಡೊವಾನ್ ಕರಿದು ತಂದಳು. ಸುಕೇಸಿ ಬದಲಿಗೆ ಕಡಲೆಕಾಯಿ ಚಾಚಿದಳು. ಬುಡೆ ಮುಷ್ಟಿ ತುಂಬ ಬಾಚಿಕೊಂಡಳು.

ಸುಕೇಸಿಯ ಕೈ ಚಾಚಿದಲ್ಲೇ ಉಳಿಯಿತು. ಮೊನ್ನೆ ಸೋಮವಾರ ಅಂಗಡಿ ಪಕ್ಕದ ಬುಡೆಯ ಮನೆಯ ಗೇಟಿನ ಹತ್ತಿರ ಅವಳಿಗೆ ಇದೇ ಕಡಲೆಕಾಯಿ ಕೊಟ್ಟಾಗ, ಬೇಡ ಎಂದು ತಲೆಯಾಡಿಸಿ ಒಳಗೆ ಹೋಗಿದ್ದಳು.

"ಬುಡೆ, ನೀವು ಉಪವಾಸ ಮಾಡ್ತೀರಾ?"

"ಸೋಮವಾರ, ಗುರುವಾರ. ಮೂವತ್ತು ವರ್ಷ ಆಯ್ತು, ಒಂದೂ ತಪ್ಪಿಲ್ಲ," ಎಂದಳು ಬುಡೆ ಹೆಮ್ಮೆಯಿಂದ. ಆ ಎರಡು ದಿನ ಅಂಗಡಿಯ ಕಡೆ ಸುಳಿಯುವುದಿಲ್ಲವಂತೆ. ಎಲ್ಲರೂ ನೂಡಲ್ಸ್ ಬೇಯಿಸಿಕೊಡು ಎನ್ನುತ್ತಾರೆ, ವಾಸನೆಗೆ ಹೊಟ್ಟೆ ಕೂಗುತ್ತದೆ. ಅದಕ್ಕೇ ಮನೆಯಲ್ಲೇ ಮಲಗುತ್ತಾಳೆ.

ಸುಕೇಸಿ ಎದ್ದು ಒಳಗೆ ನಡೆದಳು. ನಡೆಯುವುದೇನು, ಓಡಿದಳು ಎಂದೇ ಹೇಳಬಹುದು. ಬುಡೆ ತಟ್ಟೆ ಹಿಡಿದುಕೊಂಡೇ ಹಿಂಬಾಲಿಸಿದಳು. ಜತ್ಮಿಕೊ ಹೊಸಿಲಿನಲ್ಲಿ ನಿಂತ.

"ಹಪ್ಸಾರಿ, ಎರಡು ನಲವತ್ತೇಳಕ್ಕೆ ಏನಾಯ್ತು? ಎಷ್ಟೇ ಸಣ್ಣದಾದ್ರೂ ಹೇಳು."

"ಏನೂ ಆಗ್ಲಿಲ್ಲ ಬು. ಬುಡೆ ಚಹಾ ತಂದ್ರು."

"ಆಮೇಲೆ?"

"ಕುಡಿದೆ."

"ಬರೀ ಚಹಾ ಕೊಟ್ಟು ಹೋದ್ರಾ?"

"ಹ್ಞೂಂ. ಕಾಲಿಗೆ ಬಟ್ಟೆ ಹೊದಿಸಿ ಹೋದ್ರು, ದಿನಾ ಹೊದಿಸ್ತಾರಲ್ಲ, ಹಾಗೆ."

ಸುಕೇಸಿ ಕಣ್ಣು ಮುಚ್ಚಿಕೊಂಡಳು. ಕಂದು ಬತಿಕ್. ಮೂರು ಗಂಟೆಗೆ ತಾನು ಬಂದು ಹಿಂದೆ ನಿಂತಾಗಲೂ ಅದು ಹುಡುಗಿಯ ಮಡಿಲಲ್ಲೇ ಇತ್ತು. ಅವಳು ಎದ್ದಾಗ ಜಾರಿಬಿತ್ತು, ಬುಡೆ ಎತ್ತಿ ಮಡಿಸಿದಳು. ಹತ್ತು ಸಲ ಕೊಲೆಯಾಗಿದೆ, ಹತ್ತು ಸಲವೂ ಹಗ್ಗವನ್ನು ಎಲ್ಲರೆದುರಿಗೇ ಮಡಿಸಿ ಒಳಗೊಯ್ದಿದ್ದಾರೆ.

"ಇದನ್ನ ಯಾಕೆ ಹೇಳ್ಲಿಲ್ಲ ನಂಗೆ?"

"ನೀವು ಕಂಪ್ಯೂಟರ್ ಬಗ್ಗೆ ಕೇಳಿದ್ರಿ, ಬು," ಎಂದಳು ಹಪ್ಸಾರಿ. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಸುಕೇಸಿ ಬಟ್ಟೆ ತರಿಸಿದಳು. ಮೊದಲು ಬಟ್ಟೆಯಿಲ್ಲದೆ ಆಡಲು ಹೇಳಿ ಹದಿನೈದು ನಿಮಿಷ ಕಾದಳು. ಎಪ್ಪತ್ತೆರಡರ ಮೇಲೆ ಹೋಗಲಿಲ್ಲ. ಆಮೇಲೆ ಬುಡೆಯ ಕಡೆ ತಿರುಗಿ, ದಿನಾ ಹೇಗೆ ಹೊದಿಸುತ್ತೀರೋ ಹಾಗೇ ಹೊದಿಸಿ ಎಂದಳು.

ಬುಡೆ ಬಗ್ಗಿ, ಬಟ್ಟೆಯನ್ನು ಹುಡುಗಿಯ ಮೊಣಕಾಲಿನ ಮೇಲೆ ಹರಡಿ, ಉಳಿದ ಅರ್ಧವನ್ನು ಪಕ್ಕದಲ್ಲಿದ್ದ ಪೆಟ್ಟಿಗೆಯ ಮುಖಕ್ಕೆ ಇಳಿಬಿಟ್ಟು, ಅಂಚನ್ನು ಅದರ ಕಾಲಡಿಗೆ ಅಚ್ಚುಕಟ್ಟಾಗಿ ಸಿಕ್ಕಿಸಿದಳು. 'ಇಲ್ಲಿ ಗಾಳಿ ಹೊಗುತ್ತದೆ' ಎಂಬ ಚೀಟಿ ಬತಿಕ್ ಹೂಗಳ ಹಿಂದೆ ಮರೆಯಾಯಿತು.

ಎಪ್ಪತ್ತೈದು. ಎಂಬತ್ತು. ಎಂಬತ್ತೆಂಟು. ಲಾರಿ ಚಾಲಕ ತನ್ನ ಲಾರಿಯನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಎದ್ದು ಬಂದು ನೋಡತೊಡಗಿದ. ನೂರ ಮೂರಕ್ಕೆ ಸುಕೇಸಿ ಬಟ್ಟೆಯನ್ನು ಎಳೆದಳು. ಅಂಕಿ ಒಂದೊಂದಾಗಿ ಇಳಿದು ಮತ್ತೆ ಎಪ್ಪತ್ತೆರಡಕ್ಕೆ ಬಂದು ಕೂತಿತು.

ಮೂರನೇ ಪೆಟ್ಟಿಗೆಯಲ್ಲಿರುವುದು ಏಳರ ಕಾರ್ಡು ಎಂಬ ಗುಟ್ಟನ್ನೂ ಅವಳು ಆಗ ಬಿಚ್ಚಿದಳು. ಕಾರ್ಡು ಹೊಸದೇ, ಕೆಲಸವೂ ಚೊಕ್ಕಟವೇ. ಉಸಿರು ಕಟ್ಟಿದರೆ ಯಾರಾದರೂ ಸಾಯುತ್ತಾರೆ, ಅಷ್ಟೇ.

ಹಪ್ಸಾರಿ ಹೊಸಿಲ ಕಡೆ ನೋಡಿದಳು. ಹದಿನೆಂಟು ದಿನಗಳ ಮೇಲೆ ಜತ್ಮಿಕೊನ ಮುಖದಲ್ಲಿ ನಗುವಿನಂಥದ್ದೇನೋ ಕಾಣಿಸಿತು.

"ಏನು ಮಾಡಿದ್ರಿ ಬುಡೆ ನೀವು?" ಎಂದಳು ಸುಕೇಸಿ, ಮೆಲ್ಲಗೆ.

ಬುಡೆ ತುಮಿನಾ ಸೆಟೆದು ನಿಂತಳು. "ಮದುಮಗಳಿಗೆ ಗಾಳಿ ಹೊಕ್ರೆ ಏನು ಗತಿ? ಜ್ವರ ಬರತ್ತೆ, ಹೊಟ್ಟೆ ಉಬ್ಬತ್ತೆ. ಬೆನ್ನಿಗೆ ಎಣ್ಣೆ ಹಚ್ಚಿ ನಾಣ್ಯದಲ್ಲಿ ಕೆಂಪು ಬರೋ ಹಾಗೆ ಉಜ್ಜಬೇಕು. ಕೆಂಪು ಬೆನ್ನು ಇಟ್ಕೊಂಡು ಮಂಟಪಕ್ಕೆ ಹೋಗ್ತಾಳಾ? ಇಲ್ಲಿ ಗಾಳಿ ಹೊಗುತ್ತೆ ಅಂತ ಬರೆದು ಬೇರೆ ಅಂಟಿಸಿದಾರೆ. ಓದಿದ ಮೇಲೂ ಮುಚ್ಚದೆ ಬಿಡ್ಲಾ?"

ಲಾರಿ ಚಾಲಕ ಹೌದೆಂಬಂತೆ ತಲೆದೂಗಿದ. ಅವನ ಬೆನ್ನನ್ನೂ ಅವನ ಹೆಂಡತಿ ಅದೆಷ್ಟು ಸಲ ಉಜ್ಜಿದ್ದಳೋ. ಸುಕೇಸಿಗೂ ಒಂದು ಕ್ಷಣ ಬುಡೆ ಹೇಳಿದ್ದೇ ಸರಿಯಲ್ಲವೇ ಎನ್ನಿಸಿತು. ಯಂತ್ರಕ್ಕೆ ಗಾಳಿ ಹೊಗಬೇಕು, ಮನುಷ್ಯರಿಗೆ ಹೊಗಬಾರದು. ಒಂದೇ ಚೀಟಿ, ಬರೆದವನಿಗೆ ಒಂದು ಅರ್ಥ, ಓದಿದವಳಿಗೆ ಇನ್ನೊಂದು. ಕೇಸು ಇಲ್ಲಿಗೆ ಮುಗಿಯಿತು ಎಂದು ಅವಳು ಕನ್ನಡಕ ತೆಗೆದು ಒರೆಸತೊಡಗಿದಳು.

"ಅಲ್ಲದೆ ನಾನಾಗೇ ಮಾಡಿದ್ದಲ್ಲ," ಎಂದಳು ಬುಡೆ. "ಮೊದಲು ಬರೀ ಕಾಲಿಗೆ ಹೊದಿಸೋಣ ಅಂತಿದ್ದೆ. ಪೆಟ್ಟಿಗೆ ಮುಖಕ್ಕೂ ಹೊದಿಸಿ ಅಂದಿದ್ದು ಇವನೇ."

ಅವಳ ಬೆರಳು ಹೊಸಿಲ ಕಡೆ ತೋರಿಸುತ್ತಿತ್ತು.

ಹಪ್ಸಾರಿಯ ಕೈ ಮೌಸಿನ ಮೇಲಿಂದ ಜಾರಿತು. ಪರದೆಯ ಮೇಲೆ ಅವಳ ಬಿಲ್ಲುಗಾರ್ತಿ ಯಾರದೋ ಬಾಣಕ್ಕೆ ಬಿದ್ದಳು, ಅವಳು ನೋಡಲೂ ಇಲ್ಲ.

"ನಾನು ಹೇಳಿಲ್ಲ," ಎಂದ ಜತ್ಮಿಕೊ. ಹದಿನೆಂಟು ದಿನಗಳಲ್ಲಿ ಅವನು ಇಲ್ಲ ಎಂದದ್ದು ಇದೇ ಮೊದಲ ಸಲ.

"ಸುಳ್ಳು ಹೇಳ್ತೀನಾ ನಾನು? ಯಾರಿಗೂ ಹೇಳಬೇಡಿ ಅಂತ ಬರೆದಿದ್ದ, ಅದಕ್ಕೇ ಇಷ್ಟು ದಿನ ಬಾಯಿ ಬಿಟ್ಟಿರ್ಲಿಲ್ಲ. ನೋಡಿ." ಬುಡೆ ಸೊಂಟದಿಂದ ಹಳೇ ಫೋನು ತೆಗೆದು, ಬಹಳ ಹೊತ್ತು ಬೆರಳಾಡಿಸಿ, ಸುಕೇಸಿಯ ಕೈಗೆ ಕೊಟ್ಟಳು.

ಸಂದೇಶ ಜತ್ಮಿಕೊನ ನಂಬರಿನದೇ. ಕಾರ್ಡು ಕೂರಿಸಿದ ಶನಿವಾರ, ಮಧ್ಯಾಹ್ನ ಹನ್ನೆರಡೂವರೆಗೆ ಬಂದದ್ದು. ಸುಕೇಸಿ ಗಟ್ಟಿಯಾಗಿ ಓದಿದಳು.

"ಪೂಜ್ಯ ಬುಡೆಯವರ ಸನ್ನಿಧಿಯಲ್ಲಿ ಅರಿಕೆ. ಕಿಂಚಿತ್ ಕೃಪೆಯಿಟ್ಟು, ವಧುವಿನ ಮಡಿಲಿಗೂ ಅವಳ ಪೆಟ್ಟಿಗೆಯ ಮುಖಕ್ಕೂ ವಸ್ತ್ರ ಹೊದಿಸಿ ಅನುಗ್ರಹಿಸಬೇಕು. ಅದು ಗಾಳಿ ಹೊಗುವ ಸ್ಥಳ. ಈ ಅರಿಕೆ ನಮ್ಮಿಬ್ಬರಲ್ಲೇ ಉಳಿಯಲಿ."

"ಓದಿ ಅತ್ತುಬಿಟ್ಟೆ ಕಣಮ್ಮ," ಎಂದಳು ಬುಡೆ ಸುಕೇಸಿಗೆ. "ಬಾಯಿ ತಿರುಗದಿದ್ರೇನು, ಪಾಪ, ಕೈಯಲ್ಲಾದ್ರೂ ಮರ್ಯಾದೆ ಕಲಿತನಲ್ಲ ಅಂತ. ಉಪವಾಸದ ದಿನ ಬಿಟ್ಟು ಒಂದು ದಿನಾನೂ ತಪ್ಪಿಸದೆ ಹೊದಿಸಿದೆ."

ಸುಕೇಸಿ ಸಂದೇಶವನ್ನು ಮತ್ತೊಮ್ಮೆ ಓದಿಕೊಂಡಳು. ಜತ್ಮಿಕೊನ ಫೋನು ಎಲ್ಲಿ ಎಂದು ಕೇಳಿದಳು. ಕೌಂಟರಿನ ಮೇಲೆ, ಹಾಡುತ್ತ ಬಿದ್ದಿತ್ತು. ತೆಗೆದು ನೋಡಿದರೆ ಬುಡೆಗೆ ಕಳಿಸಿದ ಆ ಸಂದೇಶ ಅದರಲ್ಲಿ ಇರಲಿಲ್ಲ. ಯಾರೋ ಅಳಿಸಿದ್ದಾರೆ. ಆ ಶನಿವಾರ ಹನ್ನೆರಡೂವರೆಗೆ ಎಲ್ಲಿದ್ದೆ ಎಂದು ಅವನನ್ನೇ ಕೇಳಿದಳು.

"ಮೇಜಿನ ಕೆಳಗೆ ಮಲ್ಕೊಂಡು ತಂತಿ ಹಾಕ್ತಿದ್ದೆ. ಫೋನು ಇಲ್ಲೇ ಹಾಡ್ತಿತ್ತು."

ಹಾಗೆಂದು ಯಾರು ಬೇಕಾದರೂ ಹೇಳಬಹುದು. ಪೆಟ್ಟಿಗೆಯ ಮುಖ ಮುಚ್ಚಿದರೆ ಏನಾಗುತ್ತದೆಂದು ಈ ಅಂಗಡಿಯಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರೂ ಇರಲಿಲ್ಲ. ಪಕ್ಕಕ್ಕಿಟ್ಟಿದ್ದ ಅನುಮಾನ ಸುಕೇಸಿಯ ಎದುರಿಗೆ ಮತ್ತೆ ಬಂದು ನಿಂತಿತು. ಅವಳು ಅದನ್ನು ಯಂತ್ರಕ್ಕೆ ಮಾಡುವ ಹಾಗೆಯೇ ಪರೀಕ್ಷಿಸಿದಳು. ಒಂದು ಸಲಕ್ಕೆ ಒಂದೇ.

"ಜತ್ಮಿಕೊ, ಬುಡೆಗೆ ಬಟ್ಟೆ ಹೊದಿಸಿ ಅಂತ ಈಗ ಹೇಳು ನೋಡೋಣ. ದೊಡ್ಡವರಿಗೆ ಹೇಳೋ ಹಾಗೆ."

ಅವನು ಗಂಟಲು ಸರಿಮಾಡಿಕೊಂಡ. ಬೆವರಿದ. "ಬುಡೆ... ನೀನು... ಅಲ್ಲ, ತಾವು ಬಟ್ಟೆ ಹೊದ್ಕೊಂಡು ಬಿದ್ಕೊಳ್ಳಿ."

ಲಾರಿ ಚಾಲಕ ಬಾಯಿಗೆ ಕೈ ಅಡ್ಡ ಹಿಡಿದ. ಬುಡೆಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಫೋನನ್ನೂ ಹುಡುಗನನ್ನೂ ಒಂದಾದ ಮೇಲೊಂದು ನೋಡಿದಳು. ಬಾಯಿಯಲ್ಲಿ ಇಷ್ಟು ಎಡವುವವನು ಬೆರಳಲ್ಲಿ ಅಷ್ಟು ಸರಾಗವಾಗಿ ಬರೆಯಲಾರ ಎಂಬುದು ಅವಳಿಗೂ ಹೊಳೆಯುತ್ತಿತ್ತು.

ಹಪ್ಸಾರಿ ನಕ್ಕಳು. ಪ್ರೀತಿಯಿಂದ, ಜೋರಾಗಿ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಅವಳು ಸುಕೇಸಿಯ ಕೈಯಿಂದ ಬುಡೆಯ ಫೋನು ತೆಗೆದುಕೊಂಡು ಸಂದೇಶವನ್ನು ತಾನೇ ಓದಿಕೊಂಡಳು. 'ಕಿಂಚಿತ್ ಕೃಪೆ' ಎಂಬ ಎರಡು ಪದಗಳ ಮೇಲೆ ಅವಳ ತುಟಿ ಸದ್ದಿಲ್ಲದೆ ಆಡಿತು. ಮುಖದ ಬಣ್ಣ ಇಳಿಯಿತು.

ಏನು ಎಂದು ಸುಕೇಸಿ ಕೇಳುವಷ್ಟರಲ್ಲಿ ಒಳಮನೆಯ ಪರದೆ ಸರಿಯಿತು.

ಪಾಕ್ ಸಸ್ತ್ರೊ ಮದುವೆಮನೆಯಲ್ಲಿ ನಿಲ್ಲುವ ಹಾಗೆ, ಕೈಗಳನ್ನು ಮುಂದೆ ಜೋಡಿಸಿ ನಿಂತಿದ್ದ. "ಬು ಸುಕೇಸಿಯವರು ಕಿಂಚಿತ್ ಕೃಪೆಯಿಟ್ಟು, ಪರೀಕ್ಷೆಯನ್ನು ಇಲ್ಲಿಗೇ ಮುಗಿಸಿ ಅನುಗ್ರಹಿಸಬೇಕು. ನಾಳೆಯವರೆಗೆ ಕಾಯುವ ಅಗತ್ಯ ನನಗೆ ಕಾಣಲಿಲ್ಲ. ತಟ್ಟೆಗಳು ಈಗ ಹೊರಟವು."

ಹೊರಗೆ ವ್ಯಾನಿನ ಬಾಗಿಲು ಹಾಕಿದ ಸದ್ದಾಯಿತು. ಎಂಜಿನ್ನು ಶುರುವಾಯಿತು. ಜತ್ಮಿಕೊ ಬೀದಿಗೆ ಓಡಿದ.

ಹಪ್ಸಾರಿ ಅಲ್ಲಾಡಲಿಲ್ಲ. ಬುಡೆಯ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

"ಅಪ್ಪ," ಎಂದಳು, "ಈಗ ಹೇಳಿದ್ರಲ್ಲ, ಅದನ್ನ ಇನ್ನೊಂದು ಸಲ ಹೇಳಿ."